ಬಂಡೆಮ್ಮನ ಡಬ್ಬಿ

ಲಿಂಗಂಪಲ್ಲಿ ಸ್ಟೇಷನ್ನಿನ ಪಕ್ಕದಲ್ಲಿ ಮನೆ ಮಾಡಿದ್ದೇ ಗುರುದೇವಿಯ ಬಾಳಿನ ಮಹಾಪ್ರಮಾದ. ಮನೆ ನೋಡಲು ಬಂದ ದಿನ ಗಂಡ ಸೂಗಪ್ಪ, "ಊರಿಂದ ಬಂದವ್ರಿಗೆ ಎಷ್ಟ್ ಅನುಕೂಲ ಐತಿ ನೋಡ!" ಎಂದು ಹಿಗ್ಗಿದ್ದ. ಊರಿನವರು ಆ ಅನುಕೂಲವನ್ನು ಒಂದು ದಿನವೂ ವ್ಯರ್ಥವಾಗಲು ಬಿಡಲಿಲ್ಲ. ಸೇಡಂ, ಚಿತ್ತಾಪುರ, ಯಾದಗಿರಿ ಕಡೆ ಯಾರಿಗೆ ಮಂಡಿ ನೋಯಲಿ, ಯಾರ ಕಣ್ಣಿಗೆ ಪೊರೆ ಬರಲಿ, ಹೈದರಾಬಾದಿನ ದೊಡ್ಡ ದವಾಖಾನೆಗೇ ಬರಬೇಕು. ಬಂದವರು ಲಿಂಗಂಪಲ್ಲಿಯಲ್ಲೇ ಇಳಿಯಬೇಕು. ಇಳಿದವರು ಗುರುದೇವಿಯ ಕೈಯ ಚಹಾ ಕುಡಿಯದೆ ಡಾಕ್ಟರಿಗೆ ನಾಲಿಗೆ ತೋರಿಸುವಂತಿಲ್ಲ. ಒಬ್ಬ ರೋಗಿಯ ಹಿಂದೆ ಮೂವರು ಜೊತೆಗಾರರು (ಒಬ್ಬರು ಕೈ ಹಿಡಿಯಲು, ಒಬ್ಬರು ಚೀಲ ಹಿಡಿಯಲು, ಇನ್ನೊಬ್ಬರು ಚಾರ್ಮಿನಾರ್ ನೋಡಲು). ರೋಗಿ ದವಾಖಾನೆಯಲ್ಲಿ ಮಲಗಿದರೆ ಉಳಿದವರು ಗುರುದೇವಿಯ ನಡುಮನೆಯಲ್ಲಿ ಮಲಗುತ್ತಿದ್ದರು.

ಹೀಗಿರಲು ಒಂದು ಬೆಳಗ್ಗೆ ಹಂಚಿನ ಮೇಲೆ ರೊಟ್ಟಿ ಹಾಕಿದ ಗುರುದೇವಿಗೆ ಮುಂದೇನು ಮಾಡಬೇಕೆಂಬುದೇ ಮರೆತುಹೋಯಿತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮನೆಯಲ್ಲಿ ಕರೆಂಟು ಹೋದ ಹಾಗೆ ಒಳಗೆಲ್ಲ ನಿಂತುಹೋಗಿತ್ತು. ರೊಟ್ಟಿ ಕಪ್ಪಾಗಿ ಹೊಗೆ ಎದ್ದರೂ ಅವಳು ನೋಡುತ್ತಲೇ ಇದ್ದಳು. ಮೇಲಿನ ಮಹಡಿಯ ಡಾಕ್ಟರ್ ನಲಿನಿ, ಬೀದರ್ ಕಡೆಯ ಹುಡುಗಿ, ಬಂದು ನಾಡಿ ಹಿಡಿದು ನೋಡಿದಳು.

"ಇದು ಬರ್ನೌಟ್ ರಿ ಅಕ್ಕಾ, ದುಡದು ದುಡದು ಜೀವ ಸೋತೈತಿ. ಗುಳಿಗಿ ಇಲ್ಲ ಇದಕ್ಕ. ದಿನಾ ಒಂದ್ ತಾಸರ ಯಾರ ಕೆಲಸಾನೂ ಮಾಡದಂಗ ಸುಮ್ನ ಕೂಡ್ರಿ. ಇಲ್ಲಾಂದ್ರ ಒಂದಿನ ಪೂರಾ ಕೂತೇಬಿಡ್ತೀರಿ."

ಸೂಗಪ್ಪ ನಿಜಕ್ಕೂ ಹೆದರಿದ. ಹೆದರಿದ ಭರದಲ್ಲಿ ಬಂಧುಬಳಗದ ವಾಟ್ಸಾಪ್ ಗುಂಪಿಗೆ, 'ಗುರುದೇವಿಗೆ ಆರಾಮಿಲ್ಲ, ವಿಶ್ರಾಂತಿ ಬೇಕು, ದಯವಿಟ್ಟು ಯಾರೂ ಬರಬೇಡಿ' ಎಂದು ಹಾಕಿದ. ಅವರು ಓದಿದ್ದು ಮೊದಲ ಎರಡು ಶಬ್ದ ಮಾತ್ರ. ಆರಾಮಿಲ್ಲದವರನ್ನು ಮಾತಾಡಿಸಲು ಹೋಗದಿದ್ದರೆ ಆ ಕಡೆ ಮನುಷ್ಯರೆಂದು ಯಾರು ಕರೆದಾರು? ಬಾಳೆಹಣ್ಣಿನ ಗೊನೆಗಳು ಬಂದವು, ಅವುಗಳನ್ನು ಹೊತ್ತವರೂ ಬಂದರು. ಸೂಗಪ್ಪನ ಸೋದರತ್ತೆ ಗುಂಡಮ್ಮನಂತೂ ಆರೈಕೆ ಮಾಡಲೆಂದೇ ಟ್ರಂಕು ಸಮೇತ ಬಂದು ಇಳಿದಳು.

"ನೀ ಏಳಬ್ಯಾಡ ಯವ್ವಾ, ಮಲ್ಕೊಂಡೇ ಇರು. ಚಹಾಪುಡಿ ಎಲ್ಲಿಟ್ಟೀ?"

"ಮ್ಯಾಲಿನ ಫಳಿ ಮ್ಯಾಲ ಅತ್ತಿ."

"ಏಳಬ್ಯಾಡಂದ್ನಲ್ಲ! ಸಕ್ರಿ? ಹಾಲು ಯಾವ ಪಾತ್ರ್ಯಾಗ ಕಾಸ್ತೀ? ಈ ಗ್ಯಾಸ್ ಯಾಕ ಹತ್ತವಲ್ದು? ಬಂದವ್ರು ಎಷ್ಟ್ ಮಂದಿ ಅದಾರ ನೋಡಿ ಹೇಳು."

ಗುರುದೇವಿ ಎದ್ದು ಚಹಾ ಮಾಡಿದಳು. ಮಲಗಿ ಉತ್ತರ ಕೊಡುವುದಕ್ಕಿಂತ ಅದು ಸುಲಭವಾಗಿತ್ತು.

ದಿವ್ಯೋಪಾಯವೊಂದು ಹೊಳೆದದ್ದು ಮರುದಿನ. ಎಂದಿನಂತೆ ಯಾವುದೋ ರೋಗಿಗೆ ಡಬ್ಬಿ ಕಟ್ಟಿಕೊಂಡು ಹೋದರೆ, ಆ ಪುಣ್ಯಾತ್ಮ ಬೆಳಗ್ಗೆಯೇ ಬಿಡುಗಡೆಯಾಗಿ ಊರಿಗೆ ಹೋಗಿದ್ದ. ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಲೋಕಲ್ ರೈಲಿನಲ್ಲಿ ಮರಳುತ್ತಿದ್ದವಳು ಹಾಗೇ ನಿದ್ದೆ ಹೋದಳು. ಲಿಂಗಂಪಲ್ಲಿಯಲ್ಲಿ ಎಚ್ಚರವಾದಾಗ ಯಾವುದೋ ಹಬ್ಬದ ಬೆಳಗ್ಗೆ ಎದ್ದಂತಿತ್ತು. ಮನೆಗೆ ಬಂದರೆ ಯಾರೂ ಏನೂ ಕೇಳಲಿಲ್ಲ. ಆಗ ಅವಳಿಗೆ ಸತ್ಯದರ್ಶನವಾಯಿತು: ಆ ಮನೆಯಲ್ಲಿ ಡಬ್ಬಿ ಹಿಡಿದು ಹೊರಟ ಹೆಂಗಸನ್ನು ತಡೆಯುವ ಧೈರ್ಯ ಯಮನಿಗೂ ಇಲ್ಲ.

ಮರುದಿನ ಮಧ್ಯಾಹ್ನ ಡಬ್ಬಿ ಹಿಡಿದು ಹೊಸ್ತಿಲು ದಾಟುವಾಗ ಗುಂಡಮ್ಮ ಕೇಳಿಯೇಬಿಟ್ಟಳು.

"ಡಬ್ಬಿ ಯಾರಿಗವ್ವಾ?"

"ಬಂಡೆಮ್ಮಗ," ಎಂದಳು ಗುರುದೇವಿ. ಬಾಯಿಗೆ ಬಂದ ಹೆಸರು. ಆ ಸೀಮೆಯಲ್ಲಿ ಓಣಿಗೊಬ್ಬ ಬಂಡೆಮ್ಮ ಇದ್ದೇ ಇರುತ್ತಾಳೆ.

"ಯಾರು, ಚಿತ್ತಾಪುರದ ಬಂಡೆಮ್ಮನೇನ? ಅಯ್ಯ ಶಿವನ! ಆಕಿಗಿ ಸಣ್ಣಾಕಿ ಇದ್ದಾಗಿಂದ ಹೊಟ್ಟಿಬ್ಯಾನಿ. ಮಗ ಹೇಳಲೇ ಇಲ್ಲ ನೋಡು, ಕಳ್ಳ!"

ಗುರುದೇವಿ ತಲೆಯಾಡಿಸಿದ್ದಷ್ಟೇ. ಉಳಿದ ಸುಳ್ಳನ್ನೆಲ್ಲ ಗುಂಡಮ್ಮನೇ ಸಾವಕಾಶವಾಗಿ ಕಟ್ಟಿಕೊಟ್ಟಳು.

ಅಂದಿನಿಂದ ಗುರುದೇವಿಯ ಮಧ್ಯಾಹ್ನಗಳು ಅವಳ ಕೈಗೆ ಬಂದವು. ರೈಲು ಲಿಂಗಂಪಲ್ಲಿಯಿಂದಲೇ ಹೊರಡುವುದರಿಂದ ಹೆಂಗಸರ ಬೋಗಿಯಲ್ಲಿ ಕಿಟಕಿಯ ಸೀಟು ಸಿಗುತ್ತಿತ್ತು. ಹಫೀಜ್‌ಪೇಟೆ ದಾಟುತ್ತಲೇ ತನ್ನ ಡಬ್ಬಿ ಬಿಚ್ಚಿ, ತಾನೇ ಮಾಡಿದ ಅಡುಗೆಯನ್ನು ತಾನೇ ಉಣ್ಣುತ್ತಿದ್ದಳು, ಅದೂ ಬಿಸಿಯಾಗಿ, ಕೂತು! ತಾನು ಇಷ್ಟು ಚೆನ್ನಾಗಿ ಪುಂಡಿಪಲ್ಯ ಮಾಡುತ್ತೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಆಮೇಲೆ ಸೆರಗು ತಲೆಯ ಮೇಲೆಳೆದುಕೊಂಡು ಕಿಟಕಿಗೆ ಒರಗುವಳು. ಬಂಡೆಗಲ್ಲುಗಳು, ಒಣಗುವ ಸೀರೆಗಳು, ಯಾರದೋ ಮಹಡಿಯ ಮೇಲಿನ ನೀಲಿ ತೊಟ್ಟಿ, ಎಲ್ಲ ಮೆಲ್ಲಗೆ ಹಿಂದಕ್ಕೆ ಹೋಗುತ್ತಿದ್ದವು. ಪಕ್ಕದ ಹೆಂಗಸರ ತೆಲುಗು ಮಾತು ಹತ್ತಿರ ಬಂದು, ದೂರ ಸರಿದು, ಕೊನೆಗೆ ಬರಿಯ ಗುಂಯ್‌ಗುಡುವ ದನಿಯಾಗುತ್ತಿತ್ತು. ಕನಸಿನಲ್ಲಿ ಅವಳ ಅಡುಗೆಮನೆ ಹುಸೇನ್ ಸಾಗರದ ಮೇಲೆ ತೇಲುತ್ತಿತ್ತು. ದಂಡೆಯಲ್ಲಿ ನಿಂತ ನೆಂಟರೆಲ್ಲ ಖಾಲಿ ಕಪ್ಪು ಎತ್ತಿ ಎತ್ತಿ ತೋರಿಸುತ್ತಿದ್ದರು. ಅವಳು ಅವರಿಗೆ ಪ್ರೀತಿಯಿಂದಲೇ ಕೈಬೀಸುತ್ತ ಇನ್ನಷ್ಟು ದೂರ ತೇಲಿಹೋಗುತ್ತಿದ್ದಳು.

ಆ ದಾರಿಯಲ್ಲಿ ಒಂದು ಸ್ಟೇಷನ್ನಿನ ಹೆಸರೇ ಆಸ್ಪತ್ರೆಯದು. ಅಲ್ಲಿ ರೈಲು ನಿಂತಾಗ ಗುರುದೇವಿ ಒಂದು ಕಣ್ಣು ತೆರೆದು ಬೋರ್ಡು ನೋಡುವಳು. ದವಾಖಾನೆಗೆ ಹೋಗಿ ಬಂದೆ ಎಂದು ಮನೆಯಲ್ಲಿ ಹೇಳುವಾಗ ಸಾಕ್ಷಿಗೆ ಇಷ್ಟಾದರೂ ಬೇಕಲ್ಲ. ಕೊನೆಯ ಸ್ಟೇಷನ್ನಿನಲ್ಲಿ ಯಾರಾದರೂ "ದಿಗಲೇದಾಮ್ಮಾ?" ಎಂದು ಕೇಳಿದರೆ, ಇಳಿಯುವುದಿಲ್ಲವೆಂದು ನಿದ್ದೆಗಣ್ಣಿನಲ್ಲೇ ತಲೆಯಾಡಿಸಿ ಅದೇ ರೈಲಿನಲ್ಲಿ ಮರಳುವಳು.

ಬರಬರುತ್ತ ಅವಳು ರೊಟ್ಟಿ ಬಡಿಯುವಾಗ ಹಾಡು ಗುನುಗತೊಡಗಿದಳು. ಗಂಡನ ಜೊತೆ ಜಗಳವನ್ನೂ ಮತ್ತೆ ಶುರುಮಾಡಿದಳು (ಸೂಗಪ್ಪನಿಗೆ ಇದರಿಂದ ಆದ ಆನಂದ ಅಷ್ಟಿಷ್ಟಲ್ಲ).

"ದಿನಾ ದವಾಖಾನಿ ತಿರುಗಾಕತ್ತೀ, ಮುಖಕ್ಕ ಮಾತ್ರ ಭಾಳ ಕಳಿ ಬಂದೈತಲ್ಲ!" ಎಂದ ಅವನು.

"ಸೇವಾ ಮಾಡಿದ್ರ ಬರ್ತೈತಿ. ನೀವೂ ಮಾಡಿ ನೋಡ್ರಿ."

ಅವನು ಮರುಗಿ ಬಂಡೆಮ್ಮನ ಸಲುವಾಗಿ ಸೋಮವಾರ ಒಪ್ಪತ್ತು ಹಿಡಿದ. ಯಾರೋ ಮಠದ ವಿಭೂತಿ ಕಳಿಸಿದರು. ಗುಂಡಮ್ಮ ನೋಡಲು ಬರುತ್ತೇನೆಂದು ಹಟ ಹಿಡಿದಾಗ ಗುರುದೇವಿ, "ಯಾರನ್ನೂ ಒಳಗ ಬಿಡಂಗಿಲ್ರಿ ಅತ್ತಿ, ಡಬ್ಬಿ ಅಷ್ಟ ತಗೋತಾರ," ಎಂದು ತಪ್ಪಿಸಿಕೊಂಡಳು. ಗುಂಡಮ್ಮ ಆ ವಿಷಯವನ್ನು ಒಡನೆಯೇ ಫೋನಿನಲ್ಲಿ ಊರಿಗೆಲ್ಲ ಮುಟ್ಟಿಸಿದಳು.

ಒಂದು ಭಾನುವಾರ ಮಧ್ಯಾಹ್ನ ಗುರುದೇವಿ ಡಬ್ಬಿ ಹಿಡಿದು ಬಾಗಿಲು ತೆರೆದರೆ, ಹೊರಗೆ ಕಂಕುಳಲ್ಲಿ ಗಂಟು ಇಟ್ಟುಕೊಂಡು ಗಟ್ಟಿಮುಟ್ಟಾದ ಮುದುಕಿಯೊಬ್ಬಳು ನಿಂತಿದ್ದಳು.

"ಸೂಗಪ್ಪನ ಮನಿ ಇದೇನ? ನಾ ಚಿತ್ತಾಪುರದ ಬಂಡೆಮ್ಮ. ನನಗ ಏನಾಗೈತಿ ಅಂತ ಕೇಳಾಕ ಬಂದೀನಿ."

ಗುರುದೇವಿ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ಮುದುಕಿ ದನಿ ತಗ್ಗಿಸಲಿಲ್ಲ.

"ಊರಿನ ಮಂದಿ ಎಲ್ಲಾ ಹಣ್ಣು ಹಿಡ್ಕೊಂಡ್ ನಮ್ಮನಿಗಿ ಬರಾಕತ್ತಾರ, ಮಗನ್ನ ಸಮಾಧಾನ ಮಾಡಾಕ. ಸೊಸಿ ತವರಿಗಿ ಹೋಗ್ಯಾಳ. ನನ್ನ ರೋಗದ ಸುದ್ದಿ ಕೇಳಾಕ ಬಂದವ್ರಿಗಿ ನಾನೇ ಚಹಾ ಮಾಡಿ ಕೊಡಾಕತ್ತೀನಿ! ನನ್ನ ಕಂಡು ಚೀರಿದ್ರೂ, ಚಹಾ ಮಾತ್ರ ಕುಡದೇ ಹೋಗ್ತಾರ."

ಗುರುದೇವಿಯ ನಿದ್ದೆಯ ಬೆಲೆಯನ್ನು ಚಿತ್ತಾಪುರದಲ್ಲಿ ಇನ್ನೊಬ್ಬ ಹೆಂಗಸು ಒಲೆಯ ಮುಂದೆ ನಿಂತು ತೆತ್ತಿದ್ದಳು. ಅಷ್ಟರಲ್ಲಿ ಒಳಗಿನಿಂದ ಗುಂಡಮ್ಮನೂ ಸೂಗಪ್ಪನೂ ಓಡಿಬಂದರು.

"ಯವ್ವಾ ಬಂಡೆಮ್ಮಾ! ಯಾವಾಗ ಬಿಟ್ರು ನಿನ್ನ ದವಾಖಾನ್ಯಾಗಿಂದ?" ಎಂದಳು ಗುಂಡಮ್ಮ.

ಬಂಡೆಮ್ಮ ಗುಂಡಮ್ಮನನ್ನು ನೋಡಿದಳು. ಕೈಮುಗಿದು ನಿಂತ ಸೂಗಪ್ಪನನ್ನು ನೋಡಿದಳು. ನಡುಮನೆಯಲ್ಲಿ ಸಾಲಾಗಿ ಕೂತ ನೆಂಟರನ್ನು, ಅವರ ಕೈಯ ಕಪ್ಪುಗಳನ್ನು, ಕೊನೆಗೆ ಗುರುದೇವಿಯ ಕಣ್ಣನ್ನು ನೋಡಿದಳು. ನೋಡಿ, ಗೋಡೆ ಹಿಡಿದು ಮೆಲ್ಲಗೆ ಕುಸಿದು ಕೂತಳು.

"ಬಿಟ್ಟಿಲ್ಲ ಯವ್ವಾ," ಎಂದು ನರಳಿದಳು. "ಇನ್ಮ್ಯಾಲ ರಾತ್ರಿ ಅಷ್ಟ ಇಲ್ಲೇ ನಿಮ್ಮ ಮನ್ಯಾಗ ಮಲಗಂದಾರ. ಹಗಲೊತ್ತು ದವಾಖಾನಿಗಿ ಬರಾಕೇ ಬೇಕಂತ. ಗುರುದೇವಿ, ನಡಿಯವ್ವಾ, ಹೊತ್ತಾತು."

ರೈಲು ಹೊರಟ ಮೇಲೆ ಗುರುದೇವಿ ಕಣ್ಣೀರು ಹಾಕುತ್ತ ಎಲ್ಲವನ್ನೂ ಹೇಳಿದಳು. ಬಂಡೆಮ್ಮ ಪೂರ್ತಿ ಕೇಳಿದಳು.

"ತಪ್ಪಾತ್ರಿ ಯವ್ವಾ. ಬೈರಿ ನನಗ."

"ಬೈತೀನಿ. ಮೊದಲ ಡಬ್ಬಿ ತಗಿ."

ಮೇಲಿನ ಬಟ್ಟಲಿನ ಪಲ್ಯ, ನಡುವಿನ ರೊಟ್ಟಿ, ಕೆಳಗಿನ ಅನ್ನ ಸಾರು, ಒಂದೊಂದಾಗಿ ಮುಗಿದವು. ಗುರುದೇವಿ ಹಸಿದ ಹೊಟ್ಟೆಯಲ್ಲಿ ನೋಡುತ್ತ ಕೂತಳು. ಬಂಡೆಮ್ಮ ಕೊನೆಯ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದಳು.

"ಲಗ್ನ ಆದಾಗಿಂದ ನನಗ ಯಾರೂ ಡಬ್ಬಿ ಕಟ್ಟಿಲ್ಲವ್ವಾ," ಎಂದಳು. ಆಮೇಲೆ, "ಜರಾ ಆ ಕಡಿ ಸರಿ. ಕಿಟಕಿ ಕಡಿ ನಾ ಕೂಡ್ತೀನಿ," ಎಂದಳು.

ಬೈಯುವುದು ಅವಳಿಗೆ ಮರೆತೇ ಹೋಯಿತು. ಗುರುದೇವಿಯ ಹೆಗಲ ಮೇಲೆ ತಲೆಯಿಟ್ಟವಳು ಎರಡೇ ಉಸಿರಿಗೆ ಗೊರಕೆ ಹೊಡೆಯತೊಡಗಿದಳು. ಗಾಳಿ ಪೂರ್ತಿ ಅವಳ ಮುಖಕ್ಕೇ ಬೀಸುತ್ತಿತ್ತು. ತೋಳು ಜೋಮು ಹಿಡಿದರೂ ಗುರುದೇವಿ ಅಲುಗಾಡಲಿಲ್ಲ. ಬಂಡೆಮ್ಮನ ಗಂಟು ಜಾರದಂತೆ ಹಿಡಿದುಕೊಳ್ಳಬೇಕಾಗಿದ್ದರಿಂದ ಕಣ್ಣು ಮುಚ್ಚುವಂತೆಯೂ ಇರಲಿಲ್ಲ. ಆ ಸುಕ್ಕುಗಟ್ಟಿದ ಮುಖ ಹಗುರಾಗುತ್ತ ಹೋಗುವುದನ್ನು ನೋಡಿದಾಗ ಮಾತ್ರ, ತನ್ನ ಮುಖವೂ ಇದೇ ಸೀಟಿನಲ್ಲಿ ಹೀಗೇ ಆಗಿರಬೇಕು ಎನ್ನಿಸಿತು.

ರೈಲು ನಿಂತಿತು. ಆಸ್ಪತ್ರೆಯ ಹೆಸರಿನ ಬೋರ್ಡು ಕಿಟಕಿಯಾಚೆ ಬಂತು.

"ಯವ್ವಾ, ದವಾಖಾನಿ ಬಂತು ನೋಡ್ರಿ," ಎಂದು ಪಿಸುಗುಟ್ಟಿದಳು ಗುರುದೇವಿ.

ಬಂಡೆಮ್ಮ ಕಣ್ಣು ತೆರೆಯಲಿಲ್ಲ.

"ಇನ್ನೊಂದ್ ತಿಂಗಳರ ಇರಬೇಕಾಗ್ತೈತಿ ಅಂತ ಮನ್ಯಾಗ ಹೇಳು. ನಾಳಿಗಿ ಬದ್ನಿಕಾಯಿ ಎಣ್ಣಿಗಾಯಿ ಮಾಡು, ಖಾರ ಸ್ವಲ್ಪ ಮುಂದಿರಲಿ," ಎಂದು ಮಗ್ಗುಲಾದಳು.

ಮರುದಿನದಿಂದ ಗುರುದೇವಿ ದವಾಖಾನೆಯ ದಾರಿಯಲ್ಲಿ ದಿನವೂ ಬಂಡೆಮ್ಮನಿಗೆ ಡಬ್ಬಿ ಉಣ್ಣಿಸತೊಡಗಿದಳು. 'ಡಬ್ಬಿ ಬಂಡೆಮ್ಮಗ' ಎಂದು ಮನೆಯಲ್ಲಿ ಅವಳು ಹೇಳುವ ಮಾತಿನಲ್ಲಿ ಈಗ ಒಂದಕ್ಷರವೂ ಸುಳ್ಳಿರಲಿಲ್ಲ.