ಬಿಚ್ಚಲಾರದ ಬೇಲಿ

ಆ ಮನೆಯಲ್ಲಿ ಗಂಡಹೆಂಡಿರನ್ನು ಬಿಟ್ಟರೆ ಮಿಕ್ಕದ್ದನ್ನೆಲ್ಲ ಮಡಚಿ ಮೂಲೆಗಿಡಬಹುದು ಅಂತ ಅಕ್ಕಪಕ್ಕದವರು ಹೇಳಿಕೊಂಡು ನಗುತ್ತಿದ್ದ ಕಾಲ ಅದು. ಪಕ್ಕದ ಮನೆಯ ನರ್ಸಕ್ಕ ಮಾತ್ರ ಅದಕ್ಕೊಂದು ತಿದ್ದುಪಡಿ ಹಾಕುತ್ತಿದ್ದಳು: ಹೆಂಡತಿ ಕಣ್ಣು ಬಿಟ್ಟರೆ ಗಂಡನೂ ಮಡಚಿಕೊಳ್ಳುತ್ತಾನೆ!

ಮಾತಿನಲ್ಲಿ ಸುಳ್ಳೇನಿರಲಿಲ್ಲ. ಆ ಗಂಡ, ಡೇರೆಯಣ್ಣನ ಕಸುಬೇ ಡೇರೆ ಹಾಕುವುದು. ಬಟಾಬಯಲಿನಲ್ಲಿ ಅರಮನೆ ಎಬ್ಬಿಸಿ, ಸಮಾರಂಭ ಮುಗಿದ ಮೇಲೆ ಅದೇ ಅರಮನೆಯನ್ನು ಸುತ್ತಿ ಹೆಗಲಿಗೇರಿಸಿಕೊಂಡು ಬರುವ ಮಹಾರಾಜ! ಮನೆಗೆಂದು ಅವನು ಕೈಯಾರೆ ಮಾಡಿದ ಮಂಚ, ಮೇಜು, ಪಾತ್ರೆಯ ಸ್ಟ್ಯಾಂಡು, ಎಲ್ಲಕ್ಕೂ ಕೊಕ್ಕೆ, ಕೀಲು, ಜಾರುಗಂಟು. ಮಂಚವಂತೂ ಒಮ್ಮೊಮ್ಮೆ ತಾನೇ ಮನಸ್ಸು ಮಾಡಿ ಮಡಚಿಕೊಳ್ಳುತ್ತಿತ್ತು, ಮಲಗಿದವರ ಸಮೇತ.

ಹೀಗಿರುವಾಗ ಹೆಂಡತಿ ಮುಂದಿನ ಅಂಗಳದಲ್ಲಿ ಸೊಪ್ಪು ಹಾಕಿದಳು. ಸೊಪ್ಪು ಎಲೆ ಬಿಡುವುದೇ ತಡ, ನರ್ಸಕ್ಕನ ಕೋಳಿಗಳು ಬೀದಿಯಿಂದ ಬಂದು ಕರೆಸಿಕೊಂಡವರಂತೆ ಊಟಕ್ಕೆ ಕೂತವು. ಬೇಲಿಯಾಗಬೇಕು, ಬಡಗಿಗೆ ಹೇಳು ಅಂತ ಗಂಡನಿಗೆ ಅಂದಳು.

"ಬಡಗಿನಾ? ಊರಿಗೆ ಊರನ್ನೇ ನೆರಳಲ್ಲಿ ಕೂರಿಸಿದ ಕೈ ಇದು ಕಣೇ. ಬೇಲಿ ಅನ್ನೋದು ನನಗೆ ಎಡಗೈ ಆಟ!"

ಕಂಬ, ಹಲಗೆ ಬಂದವು. ಅವನ್ನು ಕೂಡಿಸುವುದಕ್ಕೆ ಏನು ತರುವುದು? ಹಾರ್ಡ್‌ವೇರ್ ಅಂಗಡಿಯಲ್ಲಿ ಡೇರೆಯಣ್ಣ ಹೆಣ್ಣು ನೋಡಲು ಹೋದವನ ಗತ್ತಿನಲ್ಲಿ ಕೂತ. ಮೊಳೆ ತೋರಿಸಿದರೆ ಮೂಗು ಮುರಿದ. ಸ್ಕ್ರೂ ತೋರಿಸಿದರೆ, ಬಿಚ್ಚುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕೇಳಿದ. ಬೋಲ್ಟು ತೋರಿಸಿದರೂ ಅದೇ ಪ್ರಶ್ನೆ. ಅಂಗಡಿಯವನು ಕನ್ನಡಕ ಹಣೆಗೇರಿಸಿದ.

"ಅಲ್ಲ ಮಾರಾಯ, ನಿನಗೆ ಬೇಲಿ ಹಾಕಬೇಕೋ, ತೆಗೀಬೇಕೋ?"

ಹಾಕಿದ್ದನ್ನು ತೆಗೆಯಲು ಬಾರದವನು ಎಂಥ ಕಸುಬುದಾರ ಅಂತ ಅವನಿಗೇ ನಾಲ್ಕು ಮಾತು ಬುದ್ಧಿ ಹೇಳಿ, ಡೇರೆಯಣ್ಣ ಒಂದು ಚೀಲ ಕೊಕ್ಕೆ ಮತ್ತು ಕಬ್ಬಿಣದ ಬಳೆ ತಂದ. ಕೊಕ್ಕೆಗೆ ಬಳೆ ಸಿಕ್ಕಿಸಿದರೆ ಬೇಲಿ, ಎತ್ತಿದರೆ ಸೌದೆ. ಬೇಲಿ ಎದ್ದು ನಿಂತಿತು, ಬೀದಿಯೆಲ್ಲ ನೋಡಿತು. ಮಾರನೇ ಬೆಳಿಗ್ಗೆ ಒಂದು ಕೋಳಿ ಹಾರಿ ಅದರ ನೆತ್ತಿಯ ಮೇಲೆ ಕೂತಿತು, ಅಷ್ಟೇ. ಬೇಲಿ ಈ ತುದಿಯಿಂದ ಆ ತುದಿಯವರೆಗೆ, ಯಾವ ಗಡಿಬಿಡಿಯೂ ಇಲ್ಲದೆ, ಸೊಪ್ಪಿನ ಮೇಲೆ ಮಲಗಿತು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಲಗೆಯ ಕೆಳಗಿಂದ ಒಂದೊಂದೇ ಗಿಡ ಬಿಡಿಸುತ್ತ, "ನಿನ್ನ ಕೈ ಹಿಡಿದು ಇಷ್ಟು ವರ್ಷವಾಯ್ತು. ನೀನು ಕಟ್ಟಿದ್ದು ಒಂದಾದರೂ ಮಾರನೇ ದಿನಕ್ಕೆ ಉಳಿದದ್ದು ನಾನು ನೋಡಿಲ್ಲ. ನಮ್ಮದು ಅಂತ ಒಂದಾದರೂ ನಿಂತಿರಬೇಕು ಅಂತ ಆಸೆ ಇತ್ತು ನಂಗೆ, ಅಷ್ಟೇ," ಅಂದಳು.

ಡೇರೆಯಣ್ಣ ಉಟ್ಟ ಬಟ್ಟೆಯಲ್ಲೇ ಅಂಗಡಿಗೆ ಓಡಿದ. ಒಮ್ಮೆ ಹಾಕಿದರೆ ತನ್ನಿಂದಲೂ ಬಿಚ್ಚಲಾಗಬಾರದು, ಅಂಥದ್ದು ಕೊಡು ಅಂದ. ಅಂಗಡಿಯವನು ಒಳಗಿಂದ ಒಂದು ಡಬ್ಬಿ ತಂದ. ಸೆರೆಮನೆಯ ಕಿಟಕಿಗೆ ಬಳಸುವ ಸ್ಕ್ರೂ ಅಂತೆ. ತಿರುಗಿಸಿದರೆ ಒಳಗೆ ಹೋಗುತ್ತದೆ, ಹಿಂದಕ್ಕೆ ತಿರುಗಿಸಹೋದರೆ ಸ್ಕ್ರೂಡ್ರೈವರ್ ಜಾರುತ್ತದೆ. ಕಸುಬಿಗೇ ಎಳ್ಳುನೀರು ಬಿಟ್ಟವನಂತೆ ಡೇರೆಯಣ್ಣ ಅದನ್ನು ಹಿಡಿದು ಬಂದ.

ಹೆಂಡತಿ ಸಂತೆಗೆ ಹೋದ ದಿನ ಅಂಗಳದೊಳಗೆ ನಿಂತು ಶುರು ಮಾಡಿದ. ಮನೆಯ ಈ ಗೋಡೆಯಿಂದ ಹೊರಟು ಬೀದಿಯ ಅಂಚಿಗೇ ಸಾಗಿ, ಆ ಗೋಡೆಯವರೆಗೆ ಹಲಗೆಗೆ ಹಲಗೆ ಸೇರಿಸಿದ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಕೊನೆಯ ಸ್ಕ್ರೂ ಬಿಗಿದು ಮೈಯ ಭಾರವೆಲ್ಲ ಹಾಕಿ ನೂಕಿದ. ಬೇಲಿ ಅಲ್ಲಾಡಲಿಲ್ಲ! ಎದೆಯುಬ್ಬಿಸಿ ನಿಂತವನಿಗೆ ಹಲಗೆಯ ಆಚೆ ಹೆಂಡತಿಯ ಮುಖ ಕಂಡಿತು, ತಲೆಯ ಮೇಲೆ ಸಂತೆಯ ಗಂಟು.

ಅವಳು ಬೇಲಿಯನ್ನು ಮುಟ್ಟಿದಳು, ಅಲ್ಲಾಡಿಸಿ ನೋಡಿದಳು. ಮುಖ ಅರಳಿತು. ಆಮೇಲೆ ಈ ಕಡೆ ನಡೆದಳು, ಆ ಕಡೆ ನಡೆದಳು.

"ಗಟ್ಟಿಯಾಗಿದೆ. ಬಾಗಿಲೆಲ್ಲಿ?"

ಡೇರೆಗೆಲ್ಲಿಯ ಬಾಗಿಲು? ಬೇಕಾದಲ್ಲಿ ಬಟ್ಟೆ ಎತ್ತಿ ನುಗ್ಗಿದರಾಯಿತು. ಹುಟ್ಟಿದಾಗಿನಿಂದ ಹಾಗೇ ನುಗ್ಗಿದವನು, ಬಾಗಿಲು ಅನ್ನುವುದು ಅವನ ಕನಸಿನಲ್ಲೂ ಸುಳಿದಿರಲಿಲ್ಲ. ಪಾಪ, ಅವನ ಕೈ ರೂಢಿಬಲದಿಂದ ಬಗ್ಗಿ ಒಂದು ಹಲಗೆಯ ಅಂಚನ್ನು ಎತ್ತಲು ನೋಡಿತು.

ನರ್ಸಕ್ಕ ತನ್ನ ಕಿಟಕಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತ, ನನ್ನ ಅಡುಗೆಮನೆಯಿಂದ ಬಾರೇ ಅಂತ ಕೂಗಿದಳು. ಅವಳ ಅಡುಗೆಮನೆಗೆ ಬೀದಿಗೊಂದು ಬಾಗಿಲು, ಹಿತ್ತಲಿಗೊಂದು. ಎರಡು ಮನೆಗೂ ಒಂದೇ ಹಿತ್ತಲು, ಹಿತ್ತಲಿಗೆ ಸುತ್ತ ಎತ್ತರದ ಗೋಡೆ. ಹೆಂಡತಿ ಆ ದಾರಿಯಿಂದ ಬಂದಳು. ಹಿಂದೆಯೇ ಕೋಳಿಗಳೂ ಹಿತ್ತಲಿನಿಂದ ಮನೆ ಹೊಕ್ಕು, ನಡುಮನೆ ದಾಟಿ, ನೆಂಟರ ಹಾಗೆ ಅಂಗಳಕ್ಕಿಳಿದವು. ಮೊದಲು ತಾವಾಗಿ ಬರುತ್ತಿದ್ದವು, ಈಗ ನಾವೇ ಕರೆತರುವ ಹಾಗಾಯ್ತು ಅಂತ ಹೆಂಡತಿ ಹಣೆ ಚಚ್ಚಿಕೊಂಡಳು.

ಗರಗಸ ತಂದು ಬಾಗಿಲು ಕೊಯ್ಯುತ್ತೇನೆ ಅಂದ. ಅವಳು ಅಡ್ಡ ನಿಂತಳು. "ನಿನ್ನ ಕೈಯಲ್ಲಿ ನಿಂತದ್ದು ಇದೊಂದೇ. ಇದರ ಸುದ್ದಿಗೆ ಬರಬೇಡ."

ಹಾಗಾಗಿ ಆ ಬಾಡಿಗೆ ಮನೆಯಲ್ಲಿ ಇದ್ದಷ್ಟು ಕಾಲ ಅವರು ಬೀದಿಗೆ ಹೋದದ್ದೂ ಬಂದದ್ದೂ ನರ್ಸಕ್ಕನ ಅಡುಗೆಮನೆಯಿಂದಲೇ. ಕೋಳಿಗಳು ಅಂಗಳಕ್ಕಿಳಿಯದ ಹಾಗೆ ಮುಂಬಾಗಿಲು ಎಳೆದುಕೊಳ್ಳುವುದು ರೂಢಿಯಾದ ಮೇಲೆ ಸೊಪ್ಪೂ ಉಳಿಯಿತು. ದಾರಿಯ ಸುಂಕವೆಂದು ಮೊದಲ ಕಟ್ಟು ನರ್ಸಕ್ಕನಿಗೆ. ಹೋಗುವಾಗ ಒಂದು ಗುಟುಕು ಚಹಾ, ಬರುವಾಗ ಒಂದು ಬೈಗುಳ. ಕಾಲು ಒರೆಸಿಕೋ, ಒಗ್ಗರಣೆ ಹೊತ್ತಿಗೇ ಬರಬೇಕಾ, ಹಾಲು ಉಕ್ಕುತ್ತಿದೆ ನೋಡು. ಅವಳಿಗೆ ಜ್ವರ ಬಂದಾಗ ಮೊದಲು ತಿಳಿದದ್ದು ಇವರಿಗೆ, ಯಾಕೆಂದರೆ ಅಂದು ಬೈಗುಳವೇ ಇರಲಿಲ್ಲ.

ಮುಂದೊಮ್ಮೆ ಮಾಲೀಕ ಮನೆ ಮಾರಿದ. ಸಾಮಾನು ಅಡುಗೆಮನೆ ಹಾದು ಗಾಡಿ ಸೇರಿತು. ಹೆಂಡತಿ ಬೇಲಿಗೆ ಒಮ್ಮೆ ಅಂಗೈ ಊರಿ, ಕಣ್ಣೊರೆಸಿಕೊಂಡು ಮುಂದೆ ಹೋದಳು. ಕೊನೆಗೆ ಬೀಗ ಹಾಕಿ ಬಂದವನು ಡೇರೆಯಣ್ಣ. ಅಡುಗೆಮನೆಯ ಬೀದಿಬಾಗಿಲಿಗೆ ಅಡ್ಡವಾಗಿ ನರ್ಸಕ್ಕ ನಿಂತಿದ್ದಳು, ಕೈಯಲ್ಲಿ ಸೌಟು, ಒಲೆಯ ಮೇಲೆ ಏನೂ ಇಲ್ಲ.

ದಾರಿ ಬಿಡಕ್ಕ ಅಂದ, ಮೆಲ್ಲಗೆ. ಅವಳು ಅಲ್ಲಾಡಲಿಲ್ಲ. ಅವನು ಚಪ್ಪಲಿ ನೋಡುತ್ತ ನಿಂತ.

"ಬಾಗಿಲು ಇಡೋಕೆ ಬಾರದವನು ದಾರಿ ಕೇಳೋಕೆ ಬಂದ," ಅಂತ ಗದರಿ, ಸೆರಗಿನಿಂದ ಮೂಗೊರೆಸಿಕೊಂಡು, ಅವಳು ಇಷ್ಟೇ ಇಷ್ಟು ಸರಿದಳು.

ಅಷ್ಟೇ ಸಂದಿಯಲ್ಲಿ ಡೇರೆಯಣ್ಣ ಮೈಯನ್ನೆಲ್ಲ ಮಡಚಿಕೊಂಡು ಬೀದಿಗೆ ಇಳಿದ.