ಹೆದರದೆ ರಾಜಧಾನಿ ತೋರಿಸುವುದು

ಭಾನುವಾರ ಬೆಳಿಗ್ಗೆ ಫೋನ್ ಬಂದರೆ ಅದು ನೆಂಟರದೇ. "ಸಂಭಾಜಿನಗರಕ್ಕ ಬರಾಕತ್ತೀವಿ, ಕೋಟಿ ತೋರಸು." ಇಂಥದ್ದು ಆಗಾಗ ಆಗುತ್ತಲೇ ಇರುತ್ತದೆ. ಆದಾಗಲೆಲ್ಲ ನಾನು ನೆಪ ಹುಡುಕತೊಡಗುತ್ತೇನೆ.

ಕೋಟೆ ಎಂದರೆ ದೌಲತಾಬಾದ್. ದೆಹಲಿಯ ಸುಲ್ತಾನನೊಬ್ಬ ಇದನ್ನೇ ರಾಜಧಾನಿ ಮಾಡಲು ಯೋಜನೆ ಹಾಕಿ, ಅಲ್ಲಿನ ಜನಕ್ಕೆ ಅಪ್ಪಣೆ ಕೊಟ್ಟು ಇಲ್ಲಿಯವರೆಗೆ ನಡೆಸಿದ. ನಮ್ಮ ನೆಂಟರಿಗೆ ಅಪ್ಪಣೆಯೂ ಬೇಕಿಲ್ಲ.

ನಾನು ಇದೇ ಊರಿನ ಚಿಕಲಠಾಣಾದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಅಪ್ಪ, ಅಮ್ಮ ನಾಸಿಕದಲ್ಲಿದ್ದಾರೆ; ಅಪ್ಪ ಓಝರ್ ಹತ್ತಿರ ವಿಮಾನದ ಕಾರ್ಖಾನೆಯಲ್ಲಿ ತಂತ್ರಜ್ಞರು. ನನ್ನನ್ನು ಇಲ್ಲಿಗೆ ಕಳಿಸುವಾಗ ಅವರು ಹಾಕಿದ್ದು ಒಂದೇ ಕರಾರು: "ಒಬ್ಬಾಕಿನ ಇರ್ತೀನಿ ಅಂತಿ, ಇರು. ಆದರ ನೀ ಹೆದರಿದಿ ಅಂತ ಗೊತ್ತಾತಂದ್ರ ಅವತ್ತ ವಾಪಸ್."

ನನಗೆ ಮಂಗ, ಎತ್ತರ, ಕತ್ತಲೆ, ಬಾವಲಿ ಎಂದರೆ ಹೆದರಿಕೆ. ಈ ಊರಿನ ಪ್ರೇಕ್ಷಣೀಯ ಸ್ಥಳಗಳಲ್ಲಿ ಇವಿಷ್ಟೂ ಇವೆ. ನೋಡಲು ಬಂದವರೆಲ್ಲ ಅಪ್ಪನಿಗೆ ವರದಿ ಕೊಡುತ್ತಾರೆ. ನನ್ನ ನೌಕರಿ ನಿಂತಿರುವುದು ಆ ವರದಿಯ ಮೇಲೆ.

ಪೇಡೆ

ಮೊದಲು ಬಂದವರು ಧಾರವಾಡದ ಚಿಕ್ಕಮ್ಮ. ಕೋಟೆಯ ಮೊದಲ ಬಾಗಿಲು ದಾಟಿ, ಮಿನಾರಿನ ನೆರಳಿನಲ್ಲಿ ಕೂತು ಪೇಡೆಯ ಡಬ್ಬಿ ತೆಗೆದರು. ಮುಚ್ಚಳ ತೆಗೆಯುವುದಕ್ಕೂ ಗೋಡೆಯಿಂದ ಒಂದು ಮುಸಿಯ ಇಳಿಯುವುದಕ್ಕೂ ಸರಿಹೋಯಿತು. ಕಪ್ಪು ಮುಖ, ನನ್ನ ಸೊಂಟದ ಎತ್ತರ.

ಚಿಕ್ಕಮ್ಮ ಡಬ್ಬಿ ನನ್ನ ಕೈಗೆ ಕೊಟ್ಟು ಬೆನ್ನ ಹಿಂದೆ ನಿಂತರು. "ನೀ ಮುಂದ ನಿಂದ್ರವಾ. ನೀ ಸೈನ್ಸ್ ಕಲತಾಕಿ."

ಮುಸಿಯ ನನ್ನ ಹೆಗಲ ಮೇಲೆ ಒಂದು ಕೈ ಊರಿತು. ಇನ್ನೊಂದು ಕೈಯಿಂದ ಪೇಡೆಗಳನ್ನು ತೆಗೆದು, ನನ್ನ ಮುಖ ನೋಡುತ್ತ, ನಿಧಾನವಾಗಿ ತಿಂದಿತು. ಖಾಲಿಯಾದ ಮೇಲೆ ಡಬ್ಬಿಯ ಮೂಲೆಗಳನ್ನು ಬೆರಳಿನಿಂದ ಪರೀಕ್ಷಿಸಿ ಹೊರಟುಹೋಯಿತು.

ಚಿಕ್ಕಮ್ಮ ನಿಂತಲ್ಲಿಂದಲೇ ಅಪ್ಪನಿಗೆ ಫೋನ್ ಹಚ್ಚಿದರು. "ಭಾವಾರ, ನಿಮ್ಮ ಮಗಳು ಗಂಡು ನೋಡ್ರಿ! ಮಂಗ್ಯಾ ಹೆಗಲ ಮ್ಯಾಲ ಕೈ ಇಟ್ರೂ ಅಳಗಾಡಲಿಲ್ಲ!"

ಫೋನ್ ಇಟ್ಟು, "ನಡಿ, ಹೋಗೂಣು" ಎಂದರು. ನಾನೂ ಕಾಲುಗಳಿಗೆ ಆಗಿನಿಂದ ಅದನ್ನೇ ಹೇಳುತ್ತಿದ್ದೆ.

ಅಮೃತಶಿಲೆ

ನಾಸಿಕದಲ್ಲಿ ನಮ್ಮ ಪಕ್ಕದ ಮನೆಯವರು ಉಡುಪಿ ಕಡೆಯವರು, ಸಸ್ಯಾಹಾರಿ ಹೋಟೆಲಿನ ಮಾಲೀಕರು. ಏನೋ ಕೆಲಸದ ಮೇಲೆ ಇಲ್ಲಿಗೆ ಬಂದಿದ್ದರು. ನಾನು ಸರಿಯಾಗಿ ಉಣ್ಣುತ್ತೇನೋ ಇಲ್ಲವೋ ನೋಡಿ ಬರಲು ಅಪ್ಪ ಹೇಳಿದ್ದರಂತೆ.

ಅವರಿಗೆ ಬೀಬಿ ಕಾ ಮಕ್ಬರಾ ತೋರಿಸಿದೆ. ಒಳಗೆ ಸಮಾಧಿ ಕೆಳಗಿದೆ. ಮೇಲಿನ ಕಟಕಟೆಯಿಂದ ಬಗ್ಗಿ ನೋಡಬೇಕು. ಅವರು ಬಗ್ಗಿದರು. ನಾನು ಗೋಡೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡೆ.

"ಎಂತ ಮಾಡ್ತಿದ್ದೀ ಮಾರಾಯ್ತಿ?"

"ಕಲ್ಲಿನ ಗುಣಮಟ್ಟ ನೋಡ್ತಾ ಇದ್ದೀನಿ."

ಅವರು ಬಂದು ಗೋಡೆಯನ್ನು ಉಗುರಿನಿಂದ ಕೆರೆದರು. "ಇದು ಕಲ್ಲಲ್ಲ, ಗಾರೆ. ಆದರೂ ರಜಾ ದಿನದಲ್ಲಿಯೂ ಕೆಲಸ ಬಿಡುದಿಲ್ಲ ನೀನು. ಅಪ್ಪನಿಗೆ ಹೇಳ್ತೇನೆ."

ಬದುಕಿಕೊಂಡೆ. ಹೊರಗೆ ಬಂದು, ನಾನು ದಿನಾ ಉಣ್ಣುವ ಖಾನಾವಳಿಗೆ ಕರೆದುಕೊಂಡು ಹೋದೆ. ಅವರು ಕೂರಲಿಲ್ಲ. ಬಾಗಿಲಲ್ಲಿ ನಿಂತು ಅಡುಗೆಮನೆಯ ಕಡೆ ನೋಡಿದರು, ಬೆವರಿದರು, ಚೀಲದಿಂದ ಎರಡು ಬಾಳೆಹಣ್ಣು ತೆಗೆದರು.

"ಬೇಡ ಮಾರಾಯ್ತಿ. ಹೊರಗೆ ತಿನ್ನಲಿಕ್ಕೆ ನನಗೆ ಭಯಂಕರ ಹೆದರಿಕೆ. ನಾನು ಹೋಟೆಲಿನವ."

ಅಂಧೇರಿ

ಕೊನೆಗೆ ಅಪ್ಪನೇ ಬಂದರು, ಅಮ್ಮನ ಜೊತೆ. "ಅವರಿವರ ಮಾತು ಬ್ಯಾಡ. ನಾನ ಚೆಕ್ ಮಾಡ್ತೀನಿ. ಆ ಕತ್ತಲ ದಾರಿ ಐತಂತಲ್ಲ, ಅಲ್ಲೇ ಹೋಗೂಣು."

ದೌಲತಾಬಾದ್ ಕೋಟೆಯ ಮೇಲಕ್ಕೆ ಹೋಗಬೇಕೆಂದರೆ ಬಂಡೆ ಕೊರೆದು ಮಾಡಿದ ಸುರಂಗದೊಳಗೆ ಹತ್ತಬೇಕು. ಹೆಸರು ಅಂಧೇರಿ. ಪ್ರತಿ ಸಲ ಏನಾದರೂ ನೆಪ ಹೇಳಿ, ನೆಂಟರನ್ನು ಅದರ ಬಾಯಿಂದಲೇ ವಾಪಸು ಕರೆತಂದಿದ್ದೆ. ಅಪ್ಪನ ಹತ್ತಿರ ನೆಪ ನಡೆಯುವುದಿಲ್ಲ.

ಅವರ ಒಂದು ಪದ್ಧತಿ ಹೇಳಬೇಕು. ವಿಮಾನ ಬಿಚ್ಚಿ ರಿಪೇರಿ ಮಾಡಿದ ಮೇಲೆ, ಹತ್ಯಾರಗಳೆಲ್ಲ ಪೆಟ್ಟಿಗೆಗೆ ವಾಪಸು ಬಂದಿವೆಯೇ ಎಂದು ಎಣಿಸದೆ ಮುಚ್ಚಳ ಮುಚ್ಚುವಂತಿಲ್ಲ. ಒಂದು ಸ್ಪ್ಯಾನರ್ ಒಳಗೆ ಉಳಿದರೂ ಅನಾಹುತ. ಅಪ್ಪ ಇದನ್ನು ಮನೆಯವರಿಗೂ ಹಚ್ಚಿದ್ದಾರೆ. ಅಮ್ಮ ಒಂದು, ನಾನು ಎರಡು, ಅಪ್ಪ ಮೂರು. ಬಸ್ ನಿಲ್ದಾಣ, ಮದುವೆ ಮನೆ, ಗುಡಿ, ಎಲ್ಲಿ ಹೋದರೂ ಅವರು ನಂಬರ್ ಕೂಗುತ್ತಾರೆ, ನಾವು "ಇದ್ದೀನಿ" ಎನ್ನಬೇಕು.

ಸುರಂಗದ ಬಾಯಲ್ಲೇ ಅಮೋನಿಯಾ ವಾಸನೆ. ಬಾವಲಿಯ ಹಿಕ್ಕೆ. ಟಾರ್ಚ್ ಹಿಡಿದ ಗೈಡ್ ಹಿಂದಿಯಲ್ಲಿ ಕತೆ ಹೇಳುತ್ತ ಮುಂದೆ ನಡೆದ. ಇಲ್ಲಿ ಶತ್ರುಗಳು ದಾರಿ ತಪ್ಪಿ ತಮ್ಮವರನ್ನೇ ಕಡಿಯುತ್ತಿದ್ದರು. ಇಲ್ಲಿ ಮೇಲಿನಿಂದ ಕುದಿಯುವ ಎಣ್ಣೆ ಸುರಿಯುತ್ತಿದ್ದರು. ಇಲ್ಲಿ ಬೆಳಕು ಕಂಡಿತೆಂದು ಓಡಿದವರು ಕಂದಕದ ಮೊಸಳೆಗಳ ಬಾಯಿಗೆ ಬೀಳುತ್ತಿದ್ದರು. ಮೆಟ್ಟಿಲು ಒದ್ದೆಯಾಗಿತ್ತು. ನೆತ್ತಿಯ ಮೇಲೆ ಏನೋ ಪಟಪಟ ಎಂದಿತು. ನಾನು ಹಲ್ಲು ಕಚ್ಚಿಕೊಂಡು ಮನಸ್ಸಿನಲ್ಲೇ ಆವರ್ತ ಕೋಷ್ಟಕ ಹೇಳಿಕೊಳ್ಳುತ್ತಿದ್ದೆ. ಸೋಡಿಯಂ ಆದ ಮೇಲೆ ಏನು ಎಂಬುದು ಮರೆತುಹೋಯಿತು.

"ಈಗ ನೋಡಿ, ನಿಜವಾದ ಕತ್ತಲೆ," ಎಂದು ಗೈಡ್ ಟಾರ್ಚ್ ಆರಿಸಿದ.

ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಅಪ್ಪನ ದನಿ ಕೇಳಿತು, ಎಂದಿಗಿಂತ ಸ್ವಲ್ಪ ತೆಳ್ಳಗೆ.

"ಒಂದು?"

"ಇದ್ದೀನ್ರಿ," ಎಂದರು ಅಮ್ಮ.

"ಎರಡು?"

"ಇದ್ದೀನಿ."

"ಮೂರು, ನಾ ಇದ್ದೀನಿ."

ಆಗ ನನ್ನ ಕಿವಿಯ ಹತ್ತಿರ, ಕತ್ತಲೆಯೊಳಗಿಂದ, ಒಂದು ಗೊಗ್ಗರು ದನಿ ಅಚ್ಚ ಕನ್ನಡದಲ್ಲಿ ಹೇಳಿತು: "ನಾಲ್ಕು. ಇದ್ದೀನ್ರೀ."

ನಾನು ಚೀರಿದೆ. ಅಪ್ಪ ನನಗಿಂತ ಜೋರಾಗಿ ಚೀರಿದರು. ಮೊದಲು ಓಡಿದ್ದು ಗೈಡ್. ಅವನಿಗೆ ಕನ್ನಡ ಬರುವುದಿಲ್ಲ, ಅಪ್ಪನ ಕೂಗೇ ಸಾಕಾಗಿತ್ತು. ಅವನ ಹಿಂದೆ ಅಪ್ಪ. ಅಮ್ಮ ನನ್ನ ರಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ದೀಪ ಹಚ್ಚಿ, ಮೆಲ್ಲಗೆ ಹೊರಗೆ ಕರೆತಂದರು.

ನಮ್ಮ ಹಿಂದೆಯೇ ನಾಲ್ಕನೆಯವರೂ ಬಂದರು. ಧೋತ್ರ, ಬಿಳಿ ಟೋಪಿ, ವಿಜಯಪುರದ ಕಡೆಯ ಅಜ್ಜ. ಯಾತ್ರೆಯ ಬಸ್ಸಿನಲ್ಲಿ ಬಂದವರು, ದಣಿವಾಗಿ ಸುರಂಗದ ತಿರುವಿನಲ್ಲಿ ಕೂತುಬಿಟ್ಟಿದ್ದರಂತೆ.

"ಬಸ್ಸಿನ್ಯಾಗ ನನ್ನ ನಂಬರ್ ನಾಲ್ಕ್ರೀ. ಎಣಸೂಮುಂದ ಒದರಬೇಕಂತ ನಮ್ಮ ಮ್ಯಾನೇಜರ್ ಹೇಳ್ಯಾನ. ನೀವು ಮೂರರ ತನಕ ಅಂದ್ರಿ, ನಾ ಒದರಿದೆ. ಏನ್ ತಪ್ಪಾತ್ರೀ?"

ಅಪ್ಪ ಕಲ್ಲಿನ ಮೇಲೆ ಕೂತು ನೀರು ಕುಡಿದರು. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಆಮೇಲೆ ನನ್ನ ಕಡೆ ತಿರುಗಿದರು.

"ನೀ ಹೆದರಿದಿ."

ಸುಳ್ಳು ಹೇಳಲು ದಾರಿಯಿರಲಿಲ್ಲ. ಮನಸ್ಸಿನಲ್ಲಿ ಕೋಣೆ ಖಾಲಿ ಮಾಡತೊಡಗಿದೆ. ಆದರೂ ಅಂದೆ, "ನೀವೂ ಓಡಿದ್ರಿ."

"ನಾ ಎಲ್ಲಿ ಓಡಿದೆ? ದಾರಿ ಹೆಂಗೈತಿ ಅಂತ ನೋಡಾಕ ಮುಂದ ಹೋದೆ."

"ಹೋಗೂಮುಂದ ನನ್ನ ಕಾಲು ತುಳದ್ರಲ್ರೀ," ಎಂದರು ಅಜ್ಜ.

ಅಮ್ಮ ಸೆರಗು ಕೊಡವಿಕೊಂಡರು. "ಹೆದರಿದವರು ಅವತ್ತ ವಾಪಸ್ ಹೋಗಬೇಕಂತ ಅಂದವರು ನೀವ. ಅಕಿಗಂತೂ ನಾಳೆ ಡ್ಯೂಟಿ ಐತಿ, ಬರಾಕ ಆಗಂಗಿಲ್ಲ. ಅಕಿ ಜೋಡಿ ನಾ ಒಂದು ವಾರ ಇರ್ತೀನಿ. ನೀವು ಸಂಜಿ ಬಸ್ಸಿಗೆ ನಾಸಿಕಕ್ಕ ನಡೀರಿ."

ಅಪ್ಪ ಸುರಂಗದ ಬಾಯಿ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಅಮ್ಮನನ್ನು ನೋಡಿದರು.

"ಒಬ್ಬನ? ನಾಸಿಕ ಮುಟ್ಟೂದ್ರಾಗ ಕತ್ತಲಾಕ್ಕೈತಲ್ಲ!"