ಗೊರಕಿ ಪರೀಕ್ಷೆ ಪಾಸಾದ ಕತಿ

ಮೈ ದಪ್ಪ ಇದ್ದವ್ನ ಬೆನ್ನ ಹಿಂದ ತಮಾಷಿ ತಾನ ಬರ್ತೈತಿ, ಕರಿಯೂ ಜರೂರತ್ತಿಲ್ಲ. ತೆಲುಗರ ಊರಾಗ, ಅಬಿಡ್ಸ್ ಬಜಾರದಾಗ ನಂದೊಂದು ಸೀರಿ ಅಂಗಡಿ. ಗಲ್ಲಾ ಮ್ಯಾಲೆ ಕೂತು ಕೂತು ಮೈ ಬೆಳೀತು, ಸಕ್ಕರಿ ಕಾಯಿಲಿ ಬಂತು, ಮೊಣಕಾಲು ಕೈ ಕೊಟ್ವು. ಹೊಟ್ಟಿ ಚೀಲ ಸಣ್ಣ ಮಾಡೋ ಆಪರೇಷನ್ ಮಾಡೂಣು ಅಂದ್ರು ಡಾಕ್ಟರು, ಆದ್ರ ಮೊದಲ ತಪಾಸಣಿ ಎಲ್ಲಾ ಮುಗೀಬೇಕು. ನನಗ ಇದ್ದದ್ದು ಒಂದ ಚಿಂತಿ. ಮತ್ತಿನ ಔಷಧ ಕೊಟ್ಟು ಮಲಗಿಸಿದ ಮ್ಯಾಲೆ ಎದ್ದೇಳ್ತೀನೋ ಇಲ್ಲೋ.

೧. ಮನಸ್ಸಿನ ಡಾಕ್ಟರು

ಆಪರೇಷನ್ ಆದಮ್ಯಾಲೆ ಬಾಯಿ ಹಿಡಿತದಾಗ ಇಡ್ತೀನೇನು ಅಂತ ನೋಡಾಕ ಮನಸ್ಸಿನ ಡಾಕ್ಟರಮ್ಮನ ಕಡೆ ಕಳಿಸಿದ್ರು. ಅವರು ಬ್ಯಾಡ ಅಂದ್ರ ಎಲ್ಲಾ ಅಲ್ಲಿಗೇ ಬಂದ್.

ದುಃಖ ಆದಾಗ ಭಾಳ ತಿಂತೀರೇನು ಅಂತ ತೆಲುಗಿನಾಗ ಕೇಳಿದ್ರು. ಹೌದಂದೆ. ಸಂತೋಷ ಆದಾಗ? ಆಗೂ ತಿಂತೀನಿ. ಬ್ಯಾಸರಾದಾಗ? ಗಿರಾಕಿ ಬಂದ್ರ ಅವರ ಜೋಡಿ ಚಹಾ, ಬಿಸ್ಕೀಟು. ಬರಲಿಲ್ಲಂದ್ರ ಎದುರಿನ ಬಂಡಿಯವನ ಮಿರ್ಚಿ ಭಜಿ. ಒಳಗ ಹುಣಚಿಹಣ್ಣು ತುಂಬಿರ್ತಾನ್ರಿ, ಮ್ಯಾಲೆ ಉಳ್ಳಾಗಡ್ಡಿ ಉದುರಿಸಿ ಲಿಂಬಿ ಹಿಂಡ್ತಾನ. ಹೇಳ್ತಾ ಹೇಳ್ತಾ ನನ್ನ ಬಾಯಾಗ ನೀರು ಬಂತು. ಸತ್ಯಾನಾಶ ಆತು, ಫೇಲಾದೆ ಅನ್ಕೊಂಡೆ.

ಅವರು ಪೆನ್ನು ಕೆಳಗಿಟ್ಟು, ಆ ಬಂಡಿ ಸಂಜಿ ಎಷ್ಟೊತ್ತಿನ ತನಕ ಇರ್ತೈತಿ ಅಂತ ಕೇಳಿದ್ರು.

೨. ಅಗಿಯೂದು ಬಂದ್

ಲಿವರ್‌ಗೆ ಕೊಬ್ಬು ಏರಿ ಉಬ್ಬಿತ್ತಂತ. ಅದು ಇಳಿಯೂತನಕ ಅಗಿಯೂದು ಬಂದ್, ಬರೇ ತಿಳಿಸಾರು, ಮಜ್ಜಿಗಿ, ಅವರು ಕೊಟ್ಟ ಪುಡಿ. ನಮ್ಮಾಕಿ ಅಡಗಿ ಮನಿ ಬಾಗಲಿಗೆ ಪೊಲೀಸರಂಗ ನಿಂತ್ಲು. ಅಷ್ಟ್ರಾಗ ನನ್ನ ನೋಡಾಕ ನಮ್ಮಕ್ಕ ವಿಜಯಪುರದಿಂದ ಬಂದ್ಲು. ನನ್ನ ತಮ್ಮನ್ನ ಉಪಾಸ ಕೆಡವ್ಯಾರ ಅಂತ ಕಣ್ಣೀರು ಹಾಕಿದ್ಲು.

ಮರುದಿನ ಅಕ್ಕ ಒಂದು ಲೋಟ ಹಾಲು ತಂದುಕೊಟ್ಲು. ಒಂದು ಗುಟುಕು ಕುಡಿದೆ. ಬೆಲ್ಲ, ಯಾಲಕ್ಕಿ, ತುಪ್ಪದ ವಾಸನಿ. ನಮ್ಮಾಕಿ ಲೋಟ ಕಸಗೊಂಡು ಮೂಸಿ ನೋಡಿದ್ಲು. ಶೇಂಗಾ ಹೋಳಿಗಿ ಹಾಲಿನ್ಯಾಗ ಹಾಕಿ ಮಿಕ್ಸರ್‌ನ್ಯಾಗ ತಿರುವಿ ತಂದಿದ್ಲು ಅಕ್ಕ! ಕೇಳಿದ್ರ ಆಕಿಗೆ ಸಿಟ್ಟು.

"ಡಾಕ್ಟರ್ ಅಗೀಬ್ಯಾಡ ಅಂದಾನ. ನಾ ಏನ್ ಅಗಿಸಿದ್ನೇನು?"

೩. ಗೊರಕಿ

ಕಡೀ ತಪಾಸಣಿ ನಿದ್ದೀದು. ನನಗ ನಿದ್ದ್ಯಾಗ ಉಸಿರು ನಿಲ್ತೈತೇನು ಅಂತ ಮೊದಲ ಗೊತ್ತಾಗ್ಬೇಕು, ಇಲ್ಲಂದ್ರ ಮತ್ತಿನ ಔಷಧ ಕೊಡೂದು ಅಪಾಯ ಅಂತ ಹೇಳಿ, ಮೂಗಿಗೆ, ಕೈಬೆರಳಿಗೆ ಹಚ್ಚೂ ಸಣ್ಣ ಮಶೀನ್ ಮನಿಗೆ ಕೊಟ್ರು. ಹಚ್ಕೊಂಡು ಮಲಗಿದೆ, ಮರುದಿನ ಒಯ್ದು ಕೊಟ್ಟೆ.

ರಿಪೋರ್ಟ್ ನೋಡಿ ಡಾಕ್ಟರು ನನ್ನ ಕುತ್ತಿಗಿ ನೋಡಿದ್ರು, ಮತ್ತ ರಿಪೋರ್ಟ್ ನೋಡಿದ್ರು. ಉಸಿರು ನಿಂತದ್ದ ಇಲ್ಲ, ಇದು ಹೆಂಗ ಅಂದ್ರು. ನನಗ ಖುಷಿ. ನಮ್ಮಾಕಿಗೆ ನನಗಿಂತ ಖುಷಿ.

"ಯಾಕ್ ನಿಲ್ತೈತ್ರಿ," ಅಂದ್ಲು. "ನಿಂತಂಗಾತಂದ್ರ ನಾ ಮೊಣಕೈಲೆ ತಿವೀತೀನಿ. ರಿಪೋರ್ಟ್ ಚಲೋ ಬರ್ಲಿ ಅಂತ ಅವತ್ತು ಕಣ್ಣ ಮುಚ್ಚಿಲ್ಲ."

ಡಾಕ್ಟರು ರಿಪೋರ್ಟ್ ಮಡಚಿಟ್ರು. ದಿನಾ ಹಿಂಗ ಮಾಡ್ತೀರೇನಮ್ಮ ಅಂದ್ರು. ಮದಿವ್ಯಾಗಿ ಸ್ವಲ್ಪ ದಿನ ಆದಾಗಿಂದ ಅಂದ್ಲು. ನನಗ ಇದು ಗೊತ್ತ ಇರ್ಲಿಲ್ಲ. ಹಾಸಿಗಿ ಸಾಲಂಗಿಲ್ಲ, ಅದಕ್ಕ ಕೈ ತಾಗ್ತೈತಿ ಅಂತ ತಿಳ್ಕೊಂಡಿದ್ದೆ.

ಎರಡನೇ ಸಲ ಆಕಿನ್ನ ಅಕ್ಕನ ಜೋಡಿ ಬ್ಯಾರೆ ಖೋಲ್ಯಾಗ ಮಲಗಿಸಿ ಪರೀಕ್ಷೆ ಮಾಡಿದ್ವಿ. ರಿಪೋರ್ಟ್ ಅಗದೀ ಕೆಟ್ಟ ಬಂತು. ಉಸಿರು ನಿಲ್ಲದಂಗ ಗಾಳಿ ಕೊಡೂ ಮಶೀನ್ ಬರದುಕೊಟ್ರು. ಇದನ್ನ ಹಚ್ಕೊಂಡು ಮಲಗೂದು ರೂಢಿ ಮಾಡ್ಕೊಳ್ರಿ, ಆಮ್ಯಾಲೆ ಆಪರೇಷನ್, ಅಂಜಬ್ಯಾಡ್ರಿ ಅಂದ್ರು.

ಭಾನುವಾರ ಮಧ್ಯಾಹ್ನ ಮಜ್ಜಿಗಿ ಕುಡಿದು, ಮುಖಕ್ಕ ಮಶೀನ್ ಹಚ್ಕೊಂಡು ಅಡ್ಡಾದೆ. ನಮ್ಮಾಕಿ ಬಾಜು ಕೂತು ನನ್ನ ಉಸಿರು ಕೇಳಾಕತ್ತಿದ್ಲು. ಗೊರಕಿ ಇಲ್ಲ, ಉಸಿರು ನಿಲ್ಲೂದೂ ಇಲ್ಲ. ಕೂತಾಕಿ ಹಂಗ ವಾಲಿದ್ಲು. ಹಗಲಿನ್ಯಾಗ ಆಕಿ ಮಲಗಿದ್ದು ನಾ ಎಂದೂ ನೋಡಿದ್ದಿಲ್ಲ.

ಆಮ್ಯಾಲೆ ಸುರು ಆತು ನೋಡ್ರಿ ಆಕಿ ಗೊರಕಿ. ಕಿಟಕಿ ಗಾಜು ಅದುರಾಕತ್ವು. ನನಗೆಲ್ಲಿ ನಿದ್ದಿ? ಕೇಳ್ಕೋತ ಬಿದ್ದಿದ್ದೆ. ನಡುವ ಗೊರಕಿ ನಿಂತಬಿಡ್ತು. ಮೊಣಕೈಲೆ ತಿವಿದೆ.

ಆಕಿ ಕಣ್ಣು ತೆರೀಲಿಲ್ಲ, ನಿದ್ದ್ಯಾಗ ನನಗೊಂದು ತಿರುಗಿ ತಿವಿದು, "ಇದ್ದೀರಲ್ಲ, ಮಲ್ಕೋರಿ," ಅಂದ್ಲು.